ರೊಮಾನ್ಸ್, ರೊಮಾನ್, ನಾವೆಲ್: ಒಂದು ಶಬ್ದಕುಟುಂಬದ ಅರ್ಥವಿಚಾರ

೧

ಇಂಗ್ಲಿಷ್ ಸಾಹಿತ್ಯಚರಿತ್ರೆಯಲ್ಲಿ 'ರೊಮಾನ್ಸ್' ಮತ್ತು 'ನಾವೆಲ್' ಎಂಬ ಎರಡು ಹೆಸರುಗಳು ಒಂದಕ್ಕೊಂದು ಎದುರಾಗಿ ನಿಂತಿವೆ. ಅದ್ಭುತ ಘಟನೆಗಳು, ಲೋಕೋತ್ತರ ನಾಯಕರು, ದೂರದ ದೇಶಕಾಲಗಳು, ನಡೆಯಲಾರದ ಸಂಗತಿಗಳು ಇವುಗಳಿಂದ ಕೂಡಿದ ಕಥೆ ರೊಮಾನ್ಸ್. ನಿತ್ಯಜೀವನದಲ್ಲಿ ಕಾಣಬರುವ ಜನರನ್ನೂ ಅವರ ನಡೆನುಡಿಗಳನ್ನೂ ನಂಬುವಂತೆ ಚಿತ್ರಿಸುವ ಕಥೆ ನಾವೆಲ್. ಇಂಗ್ಲಿಷಿನ ಮೂಲಕವಾಗಿಯೇ ಪಾಶ್ಚಾತ್ಯ ಸಾಹಿತ್ಯವನ್ನು ಪರಿಚಯಮಾಡಿಕೊಂಡ ಭಾರತೀಯ ವಿಮರ್ಶಕರು ಈ ವಿಭಾಗವು ಯೂರೋಪಿಗೆಲ್ಲ ಸಾಧಾರಣವಾದುದೆಂದೂ, ಕಥೆಯ ಸ್ವಭಾವದಲ್ಲಿಯೇ ನೆಲಸಿರುವುದೆಂದೂ ಭಾವಿಸುವುದುಂಟು. ಹಾಗೆ ಭಾವಿಸಿ, ದೇಶಭಾಷೆಗಳ ಮೊದಮೊದಲ ಗದ್ಯಕಥೆಗಳನ್ನು ಅದೇ ಅಳತೆಗೋಲಿನಿಂದ ಅಳೆದು, 'ಇದು ನಾವೆಲ್ ಅಲ್ಲ, ರೊಮಾನ್ಸ್ ಮಾತ್ರ' ಎಂದು ತೀರ್ಪು ಕೊಡುವುದೂ ಉಂಟು. ಆ 'ಮಾತ್ರ' ಎಂಬ ಮಾತಿನಲ್ಲಿ ಒಂದು ತಾರತಮ್ಯವು ಅಡಗಿದೆ. ಅದು ಸಾಹಿತ್ಯದಿಂದ ಬಂದುದೋ ಒಂದು ಭಾಷೆಯ ಶಬ್ದಕೋಶದಿಂದ ಬಂದುದೋ ಎಂಬುದನ್ನು ನಿರ್ಣಯಿಸಬೇಕಾದರೆ, ಈ ಶಬ್ದಗಳು ಯೂರೋಪಿನ ಬೇರೆಬೇರೆ ಭಾಷೆಗಳಲ್ಲಿ ಯಾವ ಯಾವ ಅರ್ಥಗಳನ್ನು ತಾಳಿದವು ಎಂಬುದನ್ನು ಮೊದಲು ಪರಿಶೀಲಿಸಬೇಕು.

೨

ರೊಮಾನ್ಸ್ ಶಬ್ದದ ಮೂಲವು ರೋಮ್ ನಗರದ ಹೆಸರು. ಲ್ಯಾಟಿನಿನಲ್ಲಿ 'ರೋಮಾ' ಎಂಬುದರಿಂದ 'ರೋಮಾನುಸ್', ಅದರಿಂದ 'ರೋಮಾನಿಕುಸ್' ಎಂಬ ವಿಶೇಷಣಗಳು ಹುಟ್ಟಿದವು. ಕಡೆಯದರಿಂದ 'ರೋಮಾನಿಕೇ', ಎಂದರೆ 'ರೋಮನರ ರೀತಿಯಲ್ಲಿ', ಎಂಬ ಕ್ರಿಯಾವಿಶೇಷಣವು ಜನರ ಆಡುಮಾತಿನಲ್ಲಿ ಬಳಕೆಗೆ ಬಂದಿತೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಪಂಡಿತರು ವ್ಯಾಕರಣಶುದ್ಧವಾಗಿ ಮಾತನಾಡುವುದು 'ಲ್ಯಾಟಿನೇ'. ಸಾಮಾನ್ಯರು ಮನೆಯಲ್ಲಿಯೂ ಸಂತೆಯಲ್ಲಿಯೂ ಮಾತನಾಡುವುದು 'ರೋಮಾನಿಕೇ'. ಸಂಸ್ಕೃತ ಪ್ರಾಕೃತಗಳಿಗಿದ್ದ ಸಂಬಂಧವನ್ನು ಬಲ್ಲವರಿಗೆ ಈ ಭೇದವು ಸುಲಭವಾಗಿ ಮನದಟ್ಟಾಗುತ್ತದೆ.

ಈ ಎರಡು ಮಾತುಗಳು ಬೇರೆಯಾಗಿ ಹೋದುವೆಂಬುದಕ್ಕೆ ಸ್ಪಷ್ಟವಾದ ಆಧಾರಗಳಿವೆ. ಕ್ರಿ. ಶ. ೮೧೩ರಲ್ಲಿ ತೂರ್ ನಗರದಲ್ಲಿ ಸೇರಿದ ಕ್ರೈಸ್ತ ಧರ್ಮಸಭೆಯು, ಎಲ್ಲರಿಗೂ ಅರ್ಥವಾಗುವಂತೆ ಉಪದೇಶಗಳನ್ನು ಹಳ್ಳಿಗರ ರೋಮನ್ ಭಾಷೆಗಾಗಲಿ ಜರ್ಮಾನಿಕ್ ಭಾಷೆಗಾಗಲಿ ತಿರುಗಿಸಬೇಕೆಂದು ಬಿಷಪ್ಪರಿಗೆ ವಿಧಿಸಿತು. ೮೪೨ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಲೂಯಿ ಮತ್ತು ಚಾರ್ಲ್ಸ್ ಎಂಬ ರಾಜಸೋದರರು ಪರಸ್ಪರ ಪ್ರಮಾಣಮಾಡಿದಾಗ, ಒಬ್ಬರ ಮಾತು ಇನ್ನೊಬ್ಬರ ಸೈನ್ಯಕ್ಕೆ ತಿಳಿಯಲೆಂದು ರೋಮನ್ ಭಾಷೆಯಲ್ಲಿಯೂ ಜರ್ಮಾನಿಕ್ ಭಾಷೆಯಲ್ಲಿಯೂ ಮಾತುಗಳನ್ನು ನುಡಿದರು. ಇತಿಹಾಸಕಾರನಾದ ನಿಥಾರ್ಡನು ಆ ಮಾತುಗಳನ್ನು ಎರಡು ಭಾಷೆಗಳಲ್ಲಿಯೂ ಬರೆದಿಟ್ಟಿದ್ದಾನೆ. ಆದುದರಿಂದ ಈ ಶಬ್ದದ ಮೊದಲ ಅರ್ಥವು ಕಥೆಯೂ ಅಲ್ಲ, ಪ್ರೇಮವೂ ಅಲ್ಲ, ಅದ್ಭುತವೂ ಅಲ್ಲ. ಒಂದು ಭಾಷೆಯ ಹೆಸರು.

ಆ ಅರ್ಥವು ಇಂದಿಗೂ ಅಳಿದಿಲ್ಲ. ಲ್ಯಾಟಿನಿನಿಂದ ಹುಟ್ಟಿದ ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಷ್, ಪೋರ್ಚುಗೀಸ್, ರುಮೇನಿಯನ್ ಮೊದಲಾದುವನ್ನು ಇಂಗ್ಲಿಷಿನಲ್ಲಿ ರೊಮಾನ್ಸ್ ಭಾಷೆಗಳೆಂದೇ ಕರೆಯುತ್ತಾರೆ. ೧೯೩೮ರಲ್ಲಿ ಸ್ವಿಟ್ಜರ್‌ಲೆಂಡಿನ ಜನರು ಮತಕೊಟ್ಟು ನಾಲ್ಕನೆಯ ರಾಷ್ಟ್ರಭಾಷೆಯಾಗಿ ಅಂಗೀಕರಿಸಿದ ರೊಮಾನ್ಷ್ ಭಾಷೆಯ ಹೆಸರೂ ಇದೇ ಶಬ್ದದಿಂದ ಬಂದುದು. ಪೂರ್ವದಲ್ಲಿ ಇನ್ನೊಂದು ವಿಚಿತ್ರವು ನಡೆದಿದೆ. ಕಾನ್‌ಸ್ಟಾಂಟಿನೋಪಲಿನ ಸಾಮ್ರಾಜ್ಯದ ಗ್ರೀಕರು ತಮ್ಮನ್ನು ರೋಮನರೆಂದೇ ಕರೆದುಕೊಳ್ಳುತ್ತಿದ್ದುದರಿಂದ, ಅವರ ಸಂತತಿಯವರಲ್ಲಿ 'ರೊಮೇಯಿಕಾ' ಎಂದರೆ ಆಡುಮಾತಿನ ಗ್ರೀಕ್ ಎಂದರ್ಥವಾಯಿತು. ಒಂದೇ ನಗರದ ಹೆಸರು ಪಶ್ಚಿಮದಲ್ಲಿ ಲ್ಯಾಟಿನಿನ ಮಕ್ಕಳಿಗೂ ಪೂರ್ವದಲ್ಲಿ ಗ್ರೀಕಿಗೂ ಸಂದಿತು. ಶಬ್ದದ ಅರ್ಥವನ್ನು ಧಾತುವೊಂದೇ ನಿಶ್ಚಯಿಸುವುದಿಲ್ಲ, ಅದನ್ನು ಆಡಿದ ಜನರ ಚರಿತ್ರೆಯೂ ನಿಶ್ಚಯಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

೩

ಭಾಷೆಯ ಹೆಸರು ಗ್ರಂಥದ ಹೆಸರಾದುದು ಹನ್ನೆರಡನೆಯ ಶತಮಾನದ ಫ್ರಾನ್ಸಿನಲ್ಲಿ. ಲ್ಯಾಟಿನ್ ಗ್ರಂಥವನ್ನು ದೇಶಭಾಷೆಗೆ ತಿರುಗಿಸುವುದನ್ನು ಹಳೆಯ ಫ್ರೆಂಚಿನಲ್ಲಿ 'ರೊಮಾನ್ಸಿನಲ್ಲಿ ಇಡುವುದು' ಎಂದು ಹೇಳುತ್ತಿದ್ದರು. ಕನ್ನಡದ 'ಕನ್ನಡಿಸು' ಎಂಬ ಕ್ರಿಯಾಪದವನ್ನು ಇದಕ್ಕೆ ಹೋಲಿಸಬಹುದು. ಥೀಬ್ಸ್, ಟ್ರಾಯ್, ಈನಿಯಸ್ ಇವರ ಕಥೆಗಳು ಹೀಗೆಯೇ ಲ್ಯಾಟಿನಿನಿಂದ ಫ್ರೆಂಚಿಗೆ ಬಂದವು. ೧೧೫೫ರಲ್ಲಿ ವಾಸ್ ಕವಿಯು ಬ್ರಿಟನ್ನಿನ ಅರಸರ ಚರಿತ್ರೆಯನ್ನೂ ಹೀಗೆಯೇ ತಂದನು. ಕ್ರೆತಿಯೆನ್ ದ ತ್ರ್ವಾ ಎಂಬ ಮಹಾಕವಿಯಲ್ಲಿ ಶಬ್ದವು ಅರ್ಥದಿಂದ ಅರ್ಥಕ್ಕೆ ದಾಟುತ್ತಿರುವುದನ್ನು ಕಣ್ಣಾರೆ ಕಾಣಬಹುದು. 'ಕ್ಲಿಜೆಸ್' ಕಾವ್ಯದ ಪೀಠಿಕೆಯಲ್ಲಿ ಓವಿಡನ ಕೃತಿಗಳನ್ನು ತಾನು 'ರೊಮಾನ್ಸಿನಲ್ಲಿ' ಇಟ್ಟುದಾಗಿ ಅವನು ಹೇಳುತ್ತಾನೆ. ಅಲ್ಲಿ ಅದು ಭಾಷೆ. ಲಾನ್ಸ್‌ಲಾಟನ ಕಥೆಯ ಪೀಠಿಕೆಯಲ್ಲಿ ತನ್ನ ಆಶ್ರಯದಾತೆಯ ಅಪ್ಪಣೆಯಂತೆ ಒಂದು 'ರೊಮಾನ್ಸ'ನ್ನು ಕೈಗೊಳ್ಳುವುದಾಗಿ ಹೇಳುತ್ತಾನೆ. ಇಲ್ಲಿ ಅದು ಕೃತಿ.

ಇಲ್ಲಿ ಎರಡು ಸಂಗತಿಗಳು ಗಮನಾರ್ಹವಾದುವು. ಮೊದಲನೆಯದು, ಈ ಕೃತಿಗಳು ಪದ್ಯದಲ್ಲಿದ್ದವು. ಗದ್ಯವು ಬಂದುದು ಹದಿಮೂರನೆಯ ಶತಮಾನದಲ್ಲಿ. ಎರಡನೆಯದು, ವಸ್ತುವಿನ ಬಗೆಗೆ ಈ ಹೆಸರು ಯಾವ ನಿಯಮವನ್ನೂ ಹೇಳುತ್ತಿರಲಿಲ್ಲ. ಪ್ರೇಮದ ರೂಪಕಕಾವ್ಯವಾದ 'ರೊಮಾನ್ ದ ಲಾ ರೋಜ್', ನರಿಯ ಕಪಟವನ್ನು ಹೇಳುವ ಹಾಸ್ಯಕಾವ್ಯವಾದ 'ರೊಮಾನ್ ದ ರೆನಾರ್' ಎರಡಕ್ಕೂ ಅದೇ ಹೆಸರು ಸಲ್ಲುತ್ತದೆ. ಇನ್ನು ರೂಪದ ವಿಷಯ: ಹಳೆಯ ಫ್ರೆಂಚ್ ಶಬ್ದದ ಕೊನೆಯ ಸಕಾರವನ್ನು ವಿಭಕ್ತಿಪ್ರತ್ಯಯವೆಂದು ಭ್ರಮಿಸಿ ಜನರು ಅದನ್ನು ಬಿಟ್ಟರು, 'ರೊಮಾಂಟ್' ಎಂಬ ರೂಪವು ಹುಟ್ಟಿತು, ಅದೇ ಸವೆದು ಇಂದಿನ 'ರೊಮಾನ್' ಆಯಿತು. 'ರೊಮ್ಯಾಂಟಿಕ್' ಎಂಬ ವಿಶೇಷಣದಲ್ಲಿ ಕಾಣುವ ಟಕಾರವು ಆ ನಡುವಣ ರೂಪದ ಉಳಿಕೆ.

೪

ಪಿರಿನೀಸ್ ಪರ್ವತವನ್ನು ದಾಟಿದರೆ ಇದೇ ಶಬ್ದವು ಬೇರೊಂದು ದಾರಿಯನ್ನು ಹಿಡಿದಿರುವುದು ಕಾಣುತ್ತದೆ. ಸ್ಪೇನಿನಲ್ಲಿ 'ರೊಮಾನ್ಸೆ' ಎಂದರೆ ಮೊದಲು ದೇಶಭಾಷೆ, ಬಳಿಕ ಹಾಡುಗಬ್ಬ. ಎಂಟೆಂಟು ಅಕ್ಷರಗಳ ಸಾಲುಗಳು, ಸಮಸಂಖ್ಯೆಯ ಸಾಲುಗಳ ಕೊನೆಯಲ್ಲಿ ಸ್ವರಪ್ರಾಸ, ವೀರರ ಕಥೆ, ಗಡಿನಾಡಿನ ಯುದ್ಧ, ಅಗಲಿದ ಪ್ರಿಯರು: ಇಂಥ ಪದ್ಯಗಳೇ ಸ್ಪೇನಿನ ರೊಮಾನ್ಸೆಗಳು, ಅವುಗಳ ಸಂಗ್ರಹವು 'ರೊಮಾನ್ಸೆರೊ'. ಹದಿನೆಂಟನೆಯ ಶತಮಾನದಲ್ಲಿ ಈ ಅರ್ಥವು ಉತ್ತರಕ್ಕೆ ಪಯಣಮಾಡಿ, ಫ್ರೆಂಚಿನಲ್ಲಿ 'ರೊಮಾನ್ಸ್' ಎಂದರೆ ಕೋಮಲವಾದ ಪ್ರೇಮಗೀತವೆಂದೂ, ಜರ್ಮನಿನಲ್ಲಿ 'ರೊಮಾಂಟ್ಸೆ' ಎಂದರೆ ಕಥನಗೀತವೆಂದೂ ಆಯಿತು; ರಷ್ಯನ್ನಿನಲ್ಲಿ 'ರೊಮಾನ್ಸ್' ಎಂದರೆ ವಾದ್ಯದೊಡನೆ ಹಾಡುವ ಭಾವಗೀತ. ಹೀಗೆ ಫ್ರೆಂಚ್, ಜರ್ಮನ್, ರಷ್ಯನ್ ಭಾಷೆಗಳಲ್ಲಿ ಒಂದೇ ಮೂಲದ ಎರಡು ರೂಪಗಳು ಜೊತೆಜೊತೆಯಾಗಿ ಉಳಿದು, ಒಂದು ದೀರ್ಘ ಗದ್ಯಕಥೆಗೂ ಇನ್ನೊಂದು ಹಾಡಿಗೂ ಮೀಸಲಾದವು. ಇಂಗ್ಲಿಷ್ ನಿಘಂಟನ್ನು ಮಾತ್ರ ಹಿಡಿದು ರಷ್ಯನ್ ಗೀತಕ್ಕೆ 'ಅದ್ಭುತಕಥೆ' ಎಂಬ ಅರ್ಥವನ್ನು ಕಟ್ಟುವ ಅನುವಾದಕನು ಎಡವುವುದು ಇಲ್ಲಿಯೇ.

ದೀರ್ಘ ಗದ್ಯಕಥೆಗೆ ಸ್ಪೇನಿನವರು ಇಟ್ಟ ಹೆಸರು 'ನೊವೆಲಾ'. ಇದು ಇಟಲಿಯಿಂದ ಬಂದುದು. ಲ್ಯಾಟಿನಿನ 'ನೋವುಸ್' ಸಂಸ್ಕೃತದ 'ನವ' ಶಬ್ದಕ್ಕೆ ಸೋದರ; ಅದರ ಅಲ್ಪಾರ್ಥಕರೂಪವು 'ನೊವೆಲ್ಲುಸ್'; ಇಟಾಲಿಯನ್ನಿನಲ್ಲಿ 'ನೊವೆಲ್ಲಾ' ಎಂದರೆ ಹೊಸ ಸುದ್ದಿ, ಹೊಸ ಸಂಗತಿಯ ಕಥೆ. ಹದಿನಾಲ್ಕನೆಯ ಶತಮಾನದ ನಡುವೆ ಬೊಕಾಚಿಯೋ ರಚಿಸಿದ 'ಡೆಕಮೆರಾನ್' ಇಂಥ ನೂರು ಕಥೆಗಳ ಮಾಲೆ. ಅಲ್ಲಿ ನೊವೆಲ್ಲಾ ಎಂಬುದರ ಲಕ್ಷಣ ಹ್ರಸ್ವತೆ. ೧೬೧೩ರಲ್ಲಿ ಸೆರ್ವಾಂಟೆಸನು ತನ್ನ 'ಆದರ್ಶ ನೊವೆಲಾ'ಗಳ ಮುನ್ನುಡಿಯಲ್ಲಿ, ಕ್ಯಾಸ್ಟಿಲಿಯನ್ ಭಾಷೆಯಲ್ಲಿ ಸ್ವತಂತ್ರವಾಗಿ ನೊವೆಲಾಗಳನ್ನು ಬರೆದವರಲ್ಲಿ ತಾನೇ ಮೊದಲಿಗನೆಂದು ಹೇಳಿಕೊಂಡಾಗ ಅವನ ಮನಸ್ಸಿನಲ್ಲಿದ್ದುದು ಈ ಸಣ್ಣ ಪ್ರಮಾಣದ ಕಥೆಯೇ. ೧೬೦೫ರಲ್ಲಿಯೂ ೧೬೧೫ರಲ್ಲಿಯೂ ಹೊರಬಂದ 'ಡಾನ್ ಕ್ವಿಕ್ಸೋಟ್' ಅವನ ಬಾಯಲ್ಲಿ ನೊವೆಲಾ ಅಲ್ಲ, 'ಇಸ್ತೋರಿಯಾ', ಎಂದರೆ ಚರಿತ್ರೆ. ಯಾವ ಗ್ರಂಥವನ್ನು ಪಾಶ್ಚಾತ್ಯ ನಾವೆಲಿನ ಮೂಲವೆಂದು ಇಂದು ಎಣಿಸುತ್ತಾರೋ ಅದಕ್ಕೆ ಅದರ ಕರ್ತೃವು ನಾವೆಲ್ ಎಂಬ ಹೆಸರನ್ನು ಇಡಲಿಲ್ಲ.

ಇಟಲಿಯಲ್ಲಿಯೋ ಎಂದರೆ 'ರೊಮಾನ್ಜೊ' ಮತ್ತು 'ನೊವೆಲ್ಲಾ' ಎರಡೂ ಉಳಿದು ಪ್ರಮಾಣಭೇದವನ್ನು ಹೇಳುತ್ತವೆ: ದೊಡ್ಡದು ರೊಮಾನ್ಜೊ, ಸಣ್ಣದು ನೊವೆಲ್ಲಾ. ಆದರೆ ಹದಿನಾರನೆಯ ಶತಮಾನದಲ್ಲಿ ಅಲ್ಲಿ ರೊಮಾನ್ಜೊ ಎಂದರೆ ಆರಿಯೋಸ್ತೋ ೧೫೧೬ರಲ್ಲಿ ಪ್ರಕಟಿಸಿದ 'ಒರ್ಲಾಂದೊ ಫುರಿಯೋಸೊ'ದಂಥ ಪದ್ಯಕಾವ್ಯ. ೧೫೫೪ರಲ್ಲಿ ಜಿರಾಲ್ದಿ ಚಿಂತಿಯೊ ಮತ್ತು ಪಿಂಯಾ ಎಂಬ ವಿದ್ವಾಂಸರು ಅದರ ಲಕ್ಷಣವನ್ನು ಕುರಿತು ಗ್ರಂಥಗಳನ್ನು ಬರೆದರು. ಅವರ ಕಾಲದ ವಿವಾದವು ರೊಮಾನ್ಜೊ ಎದುರಿಗೆ ಮಹಾಕಾವ್ಯವನ್ನು ಇಟ್ಟು, ಅರಿಸ್ಟಾಟಲನ ನಿಯಮಗಳು ಅದಕ್ಕೆ ಅನ್ವಯಿಸುತ್ತವೆಯೇ ಇಲ್ಲವೇ ಎಂದು ಕೇಳಿತು. ಅಲ್ಲಿ ಅದರ ಪ್ರತಿಯೋಗಿ ನಾವೆಲ್ ಆಗಿರಲೇ ಇಲ್ಲ. ೧೮೨೭ರಲ್ಲಿ ಮಾನ್ಜೋನಿಯ 'ಇ ಪ್ರೊಮೆಸ್ಸಿ ಸ್ಪೋಸಿ' ಬಂದ ಕಾಲಕ್ಕೆ ಅದೇ ಹೆಸರು ಗದ್ಯದ ಐತಿಹಾಸಿಕ ಕಥೆಗೂ ಸಂದಿತು.

೫

ಎರಡು ಹೆಸರುಗಳನ್ನು ಎರಡು ಜಾತಿಗಳಾಗಿ ಎದುರುಬದರು ನಿಲ್ಲಿಸಿದುದು ಇಂಗ್ಲಿಷಿನ ವೈಶಿಷ್ಟ್ಯ. ಅದೂ ಒಂದೇ ದಿನದಲ್ಲಿ ಆದುದಲ್ಲ. ೧೫೬೬ರಲ್ಲಿ ವಿಲಿಯಂ ಪೇಂಟರನು ಇಟಾಲಿಯನ್ ಮೊದಲಾದ ಭಾಷೆಗಳ ಕಥೆಗಳನ್ನು ತಂದಾಗ 'ನಾವೆಲ್' ಎಂದರೆ ಸಣ್ಣಕಥೆಯೇ. ೧೬೯೨ರಲ್ಲಿ ಕಾಂಗ್ರೀವನು 'ಇನ್‌ಕಾಗ್ನಿಟಾ' ಎಂಬ ಕಥೆಯ ಮುನ್ನುಡಿಯಲ್ಲಿ ರೊಮಾನ್ಸಿನ ಅದ್ಭುತವನ್ನೂ ನಾವೆಲಿನ ಪರಿಚಿತತೆಯನ್ನೂ ಬೇರ್ಪಡಿಸಿ ತೋರಿಸಿದನು. ಆದರೂ ಅವನ ವಿಭಾಗವು ಕೂಡಲೇ ಶಾಸನವಾಗಲಿಲ್ಲ. ಇಂಗ್ಲಿಷ್ ನಾವೆಲಿನ ಪಿತಾಮಹರಲ್ಲಿ ಒಬ್ಬನಾದ ಫೀಲ್ಡಿಂಗನು ೧೭೪೨ರಲ್ಲಿ 'ಜೋಸೆಫ್ ಆಂಡ್ರ್ಯೂಸ್' ಗ್ರಂಥದ ಮುನ್ನುಡಿಯಲ್ಲಿ ತನ್ನ ಕೃತಿಯನ್ನು ಹಾಸ್ಯರಸದ ರೊಮಾನ್ಸ್ ಎಂದು ಕರೆದನು. ೧೭೪೯ರ 'ಟಾಮ್ ಜೋನ್ಸ್' ಕೃತಿಯನ್ನು ಚರಿತ್ರೆಯೆಂದನು. ೧೭೫೦ರಲ್ಲಿ ಜಾನ್ಸನ್ ಪಂಡಿತನು ತನ್ನ ಕಾಲದ ಹೊಸಬಗೆಯ ಕಥೆಗಳನ್ನು ವಿಮರ್ಶಿಸುತ್ತ ಅವುಗಳನ್ನು ರೊಮಾನ್ಸಿನಲ್ಲಿಯೇ ಕಾಮೆಡಿಯ ಪ್ರಭೇದವೆಂದು ಎಣಿಸಿದನು. ೧೭೫೫ರ ಅವನ ನಿಘಂಟಿನಲ್ಲಿ ನಾವೆಲ್ ಎಂದರೆ ಬಹುಮಟ್ಟಿಗೆ ಪ್ರೇಮವನ್ನು ಕುರಿತ ಸಣ್ಣಕಥೆ ಅಷ್ಟೆ.

ವಿಭಾಗವು ಬೇರೂರಿದುದು ಆ ಶತಮಾನದ ಕೊನೆಯಲ್ಲಿ. ೧೭೮೫ರಲ್ಲಿ ಕ್ಲಾರಾ ರೀವ್ 'ರೊಮಾನ್ಸಿನ ಪ್ರಗತಿ' ಎಂಬ ಗ್ರಂಥದಲ್ಲಿ, ಬರೆದ ಕಾಲದ ನಿಜಜೀವನದ ಚಿತ್ರವೇ ನಾವೆಲ್, ಎಂದೂ ನಡೆಯದ ಮತ್ತು ನಡೆಯಲಾರದ ಸಂಗತಿಗಳ ಉನ್ನತಶೈಲಿಯ ವರ್ಣನೆಯೇ ರೊಮಾನ್ಸ್ ಎಂದು ನಿರೂಪಿಸಿದಳು. ೧೮೨೪ರಲ್ಲಿ ಸರ್ ವಾಲ್ಟರ್ ಸ್ಕಾಟನು ಬ್ರಿಟಾನಿಕ ವಿಶ್ವಕೋಶದ ಪರಿಶಿಷ್ಟದಲ್ಲಿ ಬರೆದ ಪ್ರಬಂಧದಿಂದ ಈ ವಿಭಾಗಕ್ಕೆ ಅಧಿಕಾರಮುದ್ರೆಯೇ ಬಿದ್ದಂತಾಯಿತು. ೧೮೫೧ರಲ್ಲಿ ಅಮೆರಿಕದ ಹಾಥಾರ್ನನು ಇದೇ ಭೇದವನ್ನು ಆಶ್ರಯಿಸಿ, ನಾವೆಲಿಗಿಲ್ಲದ ಸ್ವಾತಂತ್ರ್ಯವನ್ನು ರೊಮಾನ್ಸಿನ ಹೆಸರಿನಲ್ಲಿ ಬೇಡಿಕೊಂಡನು. ಅವನಿಗೆ ಅದು ಕೀಳಾದ ಹೆಸರಾಗಿರಲಿಲ್ಲ, ಒಂದು ಹಕ್ಕಾಗಿದ್ದಿತು. ಆದರೆ ಸಾಮಾನ್ಯವಾದ ಬಳಕೆಯಲ್ಲಿ ನಾವೆಲಿಗೆ ಪ್ರೌಢತೆಯೂ ರೊಮಾನ್ಸಿಗೆ ಬಾಲಿಶತೆಯೂ ಅಂಟಿಕೊಂಡವು. ಇಪ್ಪತ್ತನೆಯ ಶತಮಾನದಲ್ಲಿ ರೊಮಾನ್ಸ್ ಎಂದರೆ ಅಂಗಡಿಯಲ್ಲಿ ಮಾರುವ ಪ್ರೇಮಕಥೆಯ ಹೆಸರೂ ಆಯಿತು.

೬

ಇನ್ನು ಇಂಥ ಎರಡು ಹೆಸರುಗಳಿಲ್ಲದ ಭಾಷೆಗಳು ಏನು ಮಾಡಿದವು ಎಂಬುದನ್ನು ನೋಡಬೇಕು. ಫ್ರೆಂಚಿನಲ್ಲಿ ಕ್ರೆತಿಯೆನನ ಕಾವ್ಯವೂ ರೊಮಾನ್, ಬಾಲ್ಜಾಕನ ಕಥೆಗಳೂ ರೊಮಾನ್, ಫ್ಲೋಬೇರನು ೧೮೫೭ರಲ್ಲಿ ಪ್ರಕಟಿಸಿದ 'ಮಾದಾಂ ಬೊವಾರಿ'ಯೂ ರೊಮಾನ್. ೧೬೭೦ರಲ್ಲಿ 'ರೊಮಾನುಗಳ ಉತ್ಪತ್ತಿ'ಯನ್ನು ಕುರಿತು ಬರೆದ ಯುಎ ಎಂಬ ವಿದ್ವಾಂಸನು, ಓದುಗರ ಸಂತೋಷಕ್ಕೂ ಉಪದೇಶಕ್ಕೂ ಕಲಾಕುಶಲತೆಯಿಂದ ಗದ್ಯದಲ್ಲಿ ರಚಿಸಿದ ಕಲ್ಪಿತ ಪ್ರೇಮಸಾಹಸಗಳೇ ರೊಮಾನ್ ಎಂದು ಲಕ್ಷಣವನ್ನು ಹೇಳಿ, ಅದರ ಬೇರುಗಳನ್ನು ಈಜಿಪ್ಟ್, ಅರಬ್ಬೀ, ಪಾರಸೀಕ, ಭಾರತ ಮೊದಲಾದ ಪೂರ್ವದೇಶಗಳಲ್ಲಿ ಹುಡುಕಿದನು. ಹಳೆಯದೂ ಹೊಸದೂ ಅವನಿಗೆ ಒಂದೇ ವಂಶ.

ಹೊಸ ಕಥೆಯ ಹೊಸತನವು ಫ್ರೆಂಚರಿಗೆ ತಿಳಿಯಲಿಲ್ಲವೆಂದು ಇದರಿಂದ ಹೇಳುವಂತಿಲ್ಲ. ೧೭೬೨ರಲ್ಲಿ ದಿದೆರೋ ರಿಚರ್ಡ್‌ಸನ್ನನನ್ನು ಪ್ರಶಂಸಿಸುತ್ತ, ರೊಮಾನ್ ಎಂದರೆ ಅದುವರೆಗೆ ಹುರುಳಿಲ್ಲದ ಕಟ್ಟುಕಥೆಯೆಂಬ ಅರ್ಥವಿದ್ದುದರಿಂದ, ಈ ಇಂಗ್ಲಿಷ್ ಗ್ರಂಥಕಾರನ ಕೃತಿಗಳಿಗೆ ಬೇರೊಂದು ಹೆಸರು ದೊರೆತರೆ ಚೆನ್ನಾಗಿತ್ತೆಂದು ಹಾರೈಸಿದನು. ಆ ಹಾರೈಕೆ ಈಡೇರಲಿಲ್ಲ. ಹೆಸರನ್ನು ಬದಲಾಯಿಸುವುದರ ಬದಲು ಫ್ರೆಂಚ್ ಲೇಖಕರು ಆ ಹೆಸರಿನ ಅರ್ಥವನ್ನೇ ಬೆಳೆಸಿದರು. ಹಳೆಯ ಅದ್ಭುತದ ಗುಣವನ್ನು ಹೇಳಬೇಕಾದಾಗ 'ರೊಮಾನೆಸ್ಕ್' ಎಂಬ ವಿಶೇಷಣವನ್ನು ಬಳಸಿದರು. ಈ ಒಂದು ವ್ಯಾಕರಣಭೇದವು ವಿಮರ್ಶೆಯಲ್ಲಿ ದೊಡ್ಡ ಭೇದವನ್ನು ಉಂಟುಮಾಡಿದೆ. ಇಂಗ್ಲಿಷಿನಲ್ಲಿ ರೊಮಾನ್ಸ್ ಎಂಬುದು ನಾಮಪದ, ಆದುದರಿಂದ ಜಾತಿ. ಕೃತಿಯು ಅದರ ಒಳಗಿರಬೇಕು, ಇಲ್ಲವೇ ಹೊರಗಿರಬೇಕು. ಫ್ರೆಂಚಿನಲ್ಲಿ ರೊಮಾನೆಸ್ಕ್ ಎಂಬುದು ವಿಶೇಷಣ, ಆದುದರಿಂದ ಗುಣ; ಯಾವ ಕೃತಿಯಲ್ಲಿಯೂ ಅದು ಹೆಚ್ಚಾಗಿಯೋ ಕಡಮೆಯಾಗಿಯೋ ಇರಬಹುದು. ಬೊವಾರಿಯ ಕಥೆಯಲ್ಲಿ ನಾಯಿಕೆಯ ಮನಸ್ಸು ರೊಮಾನೆಸ್ಕ್, ಗ್ರಂಥಕರ್ತನ ದೃಷ್ಟಿ ಅದಕ್ಕೆ ವಿರುದ್ಧ. ಕೃತಿಯ ರಸವು ಈ ಎರಡರ ಘರ್ಷಣೆಯಲ್ಲಿ ಹುಟ್ಟುತ್ತದೆ. ಜಾತಿವಿಭಾಗದ ಪೆಟ್ಟಿಗೆಗಳಿಗೆ ಈ ಸೂಕ್ಷ್ಮವು ಸಿಕ್ಕುವುದಿಲ್ಲ.

ಜರ್ಮನಿಯು 'ರೊಮಾನ್' ಶಬ್ದವನ್ನು ಹದಿನೇಳನೆಯ ಶತಮಾನದಲ್ಲಿ ಫ್ರೆಂಚಿನಿಂದ ಪಡೆಯಿತು. ೧೭೭೪ರಲ್ಲಿ ಬ್ಲಾಂಕೆನ್‌ಬುರ್ಗನು ಅದನ್ನು ಕುರಿತು ಬರೆದ ಪ್ರಬಂಧದಲ್ಲಿ ಮನುಷ್ಯನ ಅಂತರಂಗದ ಚರಿತ್ರೆಯೇ ಅದರ ಸಾರವೆಂದನು. ೧೮೦೦ರಲ್ಲಿ ಫ್ರೀಡ್ರಿಷ್ ಶ್ಲೇಗೆಲನು ಶಬ್ದವನ್ನು ಮತ್ತೆ ತಿರುಗಿಸಿ, ರೊಮ್ಯಾಂಟಿಕ್ ಗ್ರಂಥವೇ ರೊಮಾನ್ ಎಂದನು. ಒಂದು ಯುಗದ ಸಾಹಿತ್ಯಕ್ಕೆ ಬಂದ ಹೆಸರಿಗೂ ಗದ್ಯಕಥೆಯ ಹೆಸರಿಗೂ ಇರುವ ನಂಟು ಜರ್ಮನ್ ಕಿವಿಗೆ ಕೇಳಿಸುವಷ್ಟು ಸ್ಪಷ್ಟವಾಗಿ ಇಂಗ್ಲಿಷ್ ಕಿವಿಗೆ ಕೇಳಿಸುವುದಿಲ್ಲ. ಗೆಯ್ಟೆಯ 'ವಿಲ್ಹೆಲ್ಮ್ ಮೈಸ್ಟರ್', ೧೮೦೨ರಲ್ಲಿ ಪ್ರಕಟವಾದ ನೊವಾಲಿಸನ 'ಹೈನ್ರಿಷ್ ಫಾನ್ ಒಫ್ಟರ್‌ಡಿಂಗೆನ್' ಎರಡೂ ಅಲ್ಲಿ ರೊಮಾನುಗಳೇ; ಇಂಗ್ಲಿಷ್ ವಿಭಾಗದ ಪ್ರಕಾರ ಒಂದು ನಾವೆಲ್, ಇನ್ನೊಂದು ರೊಮಾನ್ಸ್.

ರಷ್ಯದಲ್ಲಿ ಪುಷ್ಕಿನನು 'ಯೆವ್ಗೆನಿ ಒನೇಗಿನ್' ಕೃತಿಯನ್ನು ಪದ್ಯದಲ್ಲಿ ಬರೆದು 'ರೊಮಾನ್' ಎಂದು ಕರೆದನು. ೧೮೪೨ರಲ್ಲಿ ಗೊಗೊಲನು 'ಮೃತಾತ್ಮಗಳು' ಎಂಬುದನ್ನು ಗದ್ಯದಲ್ಲಿ ಬರೆದು 'ಪೊಯೆಮ', ಎಂದರೆ ಕಾವ್ಯ, ಎಂದು ಕರೆದನು. ತನ್ನ 'ಯುದ್ಧ ಮತ್ತು ಶಾಂತಿ' ರೊಮಾನ್ ಅಲ್ಲವೆಂದು ೧೮೬೮ರಲ್ಲಿ ಟಾಲ್‌ಸ್ಟಾಯ್ ಹೇಳಿದನು. ಆ ದೇಶದ ಆಡುಮಾತಿನಲ್ಲಿ ಇಬ್ಬರ ನಡುವೆ 'ರೊಮಾನ್' ಇದೆಯೆಂದರೆ ಪ್ರಣಯವಿದೆಯೆಂದೇ ಅರ್ಥ. ಅಲ್ಲಿ ಸ್ವದೇಶೀಯವಾದ 'ಪೊವೆಸ್ತ್' ಎಂಬ ಇನ್ನೊಂದು ಹೆಸರೂ ಉಂಟು. ಇದರ ಮೂಲದಲ್ಲಿರುವ ಧಾತುವು ಸಂಸ್ಕೃತದ 'ವಿದ್' ಧಾತುವಿಗೆ ಸಂಬಂಧಿ. ರಷ್ಯನ್ನಿನಲ್ಲಿ ಅದು ಮಧ್ಯಮ ಪ್ರಮಾಣದ ಕಥೆ. ನೆರೆಯ ಪೋಲಿಷ್ ಭಾಷೆಯಲ್ಲಿ ಅದೇ ಶಬ್ದವು ದೀರ್ಘ ಕಥೆಯ ಹೆಸರು. ಗ್ರೀಕರಾದರೋ ಈ ಯಾವುದನ್ನೂ ಎರವಲು ತರಲಿಲ್ಲ. ೧೮೦೪ರಲ್ಲಿ ಕೊರಾಯಿಸ್ ಎಂಬ ಪಂಡಿತನು ಹೆಲಿಯೊಡೋರಸನ ಪ್ರಾಚೀನ ಕಥೆಯನ್ನು ಸಂಪಾದಿಸುವಾಗ, ಕಲ್ಪಿತ ಕಥೆ ಮತ್ತು ಚರಿತ್ರೆ ಎಂಬ ಎರಡು ಶಬ್ದಗಳನ್ನು ಕೂಡಿಸಿ 'ಮಿಥಿಸ್ತೋರಿಯಾ' ಎಂಬ ಹೆಸರನ್ನು ಟಂಕಿಸಿದನು.

೭

ಈ ಪರಿಶೀಲನೆಯಿಂದ ಸಿದ್ಧವಾಗುವುದೇನು? ಯೂರೋಪಿನ ಭಾಷೆಗಳು ಕಥಾಸಾಹಿತ್ಯವನ್ನು ಒಂದೇ ರೀತಿಯಾಗಿ ವಿಭಾಗಿಸಿಲ್ಲ. ಇಟಾಲಿಯನ್, ಫ್ರೆಂಚ್, ಜರ್ಮನ್ ಭಾಷೆಗಳ ಹೆಸರುಗಳು ಪ್ರಮಾಣವನ್ನು ಹೇಳುತ್ತವೆ; ಸ್ಪ್ಯಾನಿಷಿನ ಹೆಸರುಗಳು ಗದ್ಯಪದ್ಯಗಳನ್ನು ಬೇರ್ಪಡಿಸುತ್ತವೆ; ಇಂಗ್ಲಿಷಿನ ಹೆಸರುಗಳು ಸಂಭವಾಸಂಭವಗಳನ್ನು ಬೇರ್ಪಡಿಸುತ್ತವೆ. ಇವುಗಳಲ್ಲಿ ಒಂದನ್ನು ಆರಿಸಿ ಅದೇ ಪಾಶ್ಚಾತ್ಯ ಸಿದ್ಧಾಂತವೆಂದು ಬೋಧಿಸುವುದು ಯುಕ್ತವಲ್ಲ. ಇಯಾನ್ ವಾಟ್ ೧೯೫೭ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥವು ನಾವೆಲಿನ ಉದಯವನ್ನು ಡೀಫೋ, ರಿಚರ್ಡ್‌ಸನ್, ಫೀಲ್ಡಿಂಗ್ ಇವರಲ್ಲಿ ಕಂಡಿತು. ಅದರ ಸಾಮಾಜಿಕ ವಿವರಣೆ ಬೆಲೆಯುಳ್ಳದ್ದು, ಆದರೆ ಅದರ ಅಡಿಗಲ್ಲು ಇಂಗ್ಲಿಷಿನ ಶಬ್ದಭೇದವೇ. ಇದನ್ನು ಪ್ರತಿಭಟಿಸಿ ಮಾರ್ಗರೆಟ್ ಡೂಡಿ ೧೯೯೬ರಲ್ಲಿ, ರೊಮಾನ್ಸ್ ನಾವೆಲುಗಳ ಭೇದವು ಇಂಗ್ಲಿಷರ ಕಲ್ಪನೆಯೆಂದೂ, ಗ್ರೀಕ್ ಕಥೆಗಳಿಂದ ಇಂದಿನವರೆಗೆ ಒಂದೇ ಪರಂಪರೆಯೆಂದೂ ವಾದಿಸಿದರು. ಈ ವಾದದ ಮೊದಲರ್ಧವು ಗ್ರಾಹ್ಯ. ಎರಡನೆಯರ್ಧವು ಅತಿವ್ಯಾಪ್ತಿದೋಷಕ್ಕೆ ಗುರಿಯಾಗುತ್ತದೆ. ಹೆಸರು ಒಂದೇ ಆದಮಾತ್ರಕ್ಕೆ ವಸ್ತು ಒಂದೇ ಆಗದು. ಹಾಗಾಗಿದ್ದರೆ ದಿದೆರೋ ಬೇರೆ ಹೆಸರನ್ನು ಬಯಸುತ್ತಿರಲಿಲ್ಲ. ಹಾಗೆಯೇ ಹೆಸರು ಎರಡಾದಮಾತ್ರಕ್ಕೆ ವಸ್ತು ಎರಡಾಗದು. ಶಬ್ದಚರಿತ್ರೆಯು ವಿಮರ್ಶಕನಿಗೆ ತೀರ್ಪನ್ನು ಕೊಡುವುದಿಲ್ಲ, ಎಚ್ಚರವನ್ನು ಕೊಡುತ್ತದೆ.

ಈ ಎಚ್ಚರವು ಭಾರತೀಯ ಅಲಂಕಾರಶಾಸ್ತ್ರಕ್ಕೆ ಹೊಸದಲ್ಲ. ಗದ್ಯಕಾವ್ಯದಲ್ಲಿ 'ಕಥೆ' 'ಆಖ್ಯಾಯಿಕೆ' ಎಂಬ ಎರಡು ಜಾತಿಗಳನ್ನು ಭಾಮಹನು ಲಕ್ಷಣಪೂರ್ವಕವಾಗಿ ಬೇರ್ಪಡಿಸಿದನು. ಅಮರಕೋಶವು ಒಂದು ನಡೆದ ಸಂಗತಿ, ಇನ್ನೊಂದು ಕಲ್ಪನೆ ಎಂದಿತು. ದಂಡಿಯಾದರೋ ಆ ಲಕ್ಷಣಗಳನ್ನು ಒಂದೊಂದಾಗಿ ಪರೀಕ್ಷಿಸಿ, ಅವು ಎರಡರಲ್ಲಿಯೂ ಬೆರೆಯುತ್ತವೆಯೆಂದು ತೋರಿಸಿ, ಜಾತಿಯು ಒಂದೇ, ಹೆಸರುಗಳು ಮಾತ್ರ ಎರಡು ಎಂದು ನಿರ್ಣಯಿಸಿದನು. ಕವಿರಾಜಮಾರ್ಗದ ಮೂಲಕ ಕನ್ನಡಕ್ಕೆ ದಾರಿತೋರಿದ ಆಚಾರ್ಯನೇ ಹೀಗೆ ಹೇಳಿರುವುದು ಸ್ಮರಣೀಯವಾಗಿದೆ.

ಕನ್ನಡವೂ ಮರಾಠಿಯೂ ಈ ಸಾಹಿತ್ಯಪ್ರಕಾರಕ್ಕೆ ಆರಿಸಿಕೊಂಡ ಹೆಸರು 'ಕಾದಂಬರಿ'. ಬಂಗಾಳಿ ಹಿಂದಿಗಳು 'ಉಪನ್ಯಾಸ'ವೆಂದುವು, ಗುಜರಾತಿಯು 'ನವಲಕಥಾ' ಎಂದಿತು. ಶಾಪ, ಪುನರ್ಜನ್ಮ, ಗಂಧರ್ವಲೋಕ ಇವುಗಳಿಂದ ತುಂಬಿದ ಬಾಣನ ಕೃತಿಯ ನಾಯಿಕೆಯ ಹೆಸರು, ನಾಗವರ್ಮನ ಚಂಪುವಿನಿಂದ ಕನ್ನಡಕ್ಕೆ ಪರಿಚಿತವಾದ ಹೆಸರು, ಇಂದು ಸಂಸಾರದ ಯಥಾರ್ಥಚಿತ್ರಕ್ಕೂ ಸಲ್ಲುತ್ತಿದೆ. ಫ್ರೆಂಚಿನ ರೊಮಾನಿನಂತೆ ಇದು ವಸ್ತುವಿನೊಡನೆ ಬೆಳೆದ ಹೆಸರು. ಇದರ ಒಳಗೆ ಮೇಲುಕೀಳುಗಳ ಗೆರೆಯಿಲ್ಲ. ಆದುದರಿಂದ ೧೮೨೩ರಲ್ಲಿ ಕೆಂಪುನಾರಾಯಣನು ರಚಿಸಿದ 'ಮುದ್ರಾಮಂಜೂಷ'ವನ್ನಾಗಲಿ, ೧೮೯೯ರಲ್ಲಿ ಗುಲ್ವಾಡಿ ವೆಂಕಟರಾಯರು ಪ್ರಕಟಿಸಿದ 'ಇಂದಿರಾಬಾಯಿ'ಯನ್ನಾಗಲಿ ಬೋಧಿಸುವಾಗ, ಇದು ರೊಮಾನ್ಸೋ ನಾವೆಲೋ ಎಂಬ ಪ್ರಶ್ನೆಯು ಮೊದಲನೆಯದಾಗಬೇಕಾಗಿಲ್ಲ. ಅದ್ಭುತವು ಕೃತಿಯಲ್ಲಿ ಎಷ್ಟಿದೆ, ಯಾವ ಪ್ರಯೋಜನಕ್ಕಾಗಿ ಇದೆ, ಅದು ಪಾತ್ರಗಳ ಬಾಳನ್ನು ಬೆಳಗಿಸುತ್ತದೆಯೋ ಮರೆಸುತ್ತದೆಯೋ ಎಂಬ ಪ್ರಶ್ನೆಗಳೇ ಮೊದಲಿನವು. ಅವುಗಳಿಗೆ ಉತ್ತರವು ಯಾವ ನಿಘಂಟಿನಲ್ಲಿಯೂ ಇಲ್ಲ. ಕೃತಿಯ ಓದಿನಲ್ಲಿಯೇ ದೊರೆಯತಕ್ಕದ್ದು.